ಮಳೆಗಾಲಕ್ಕೆ ಮುನ್ನ ದೋಣಿಯನ್ನು ದಡಕ್ಕೆ ತೆಗೆಯುವುದು: 16 ಅಡಿಯ ಫೈಬರ್ ದೋಣಿ, 25 ಎಚ್‌ಪಿ ಎಂಜಿನ್

ಬೆಂಗ್ರೆ ಹೊಳೆಬದಿ, ಮೇ 6

ಎಲ್ಲರಿಗೂ ನಮಸ್ಕಾರ. ಸೀತಾ ಮತ್ತು ಸುವರ್ಣಾ ನದಿಗಳು ಕೂಡಿ ಕಡಲು ಸೇರುವ ಕೋಡಿ ಬೆಂಗ್ರೆಯ ಸಮೀಪ ನಮ್ಮ ಮನೆ. ಎರಡು ವರ್ಷಗಳ ಹಿಂದೆ 16 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು, 25 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ) ಎಂಜಿನ್ ಮತ್ತು ಟ್ರೇಲರ್ ಸಮೇತ ಕೊಂಡೆ. ಮೀನುಗಾರಿಕೆ ನಮ್ಮ ಕಸುಬಲ್ಲ. ಭಾನುವಾರದ ಸಂಜೆ ಮನೆಮಂದಿಯನ್ನು ಕೂರಿಸಿಕೊಂಡು ಹಿನ್ನೀರಿನ ಕುದ್ರುಗಳನ್ನು (ನಡುಗಡ್ಡೆಗಳನ್ನು) ಸುತ್ತಿ ಬರುವುದು, ಗಾಳ ಹಾಕಿ ಕೂರುವುದು, ಇಷ್ಟೇ ಅದರ ಬಳಕೆ.

ಕಳೆದ ಮಳೆಗಾಲದಲ್ಲಿ ನಾನು ಮಾಡಿದ್ದನ್ನು ಇದ್ದಂತೆಯೇ ಹೇಳಿಬಿಡುತ್ತೇನೆ. ಜೂನ್ ಮೊದಲ ವಾರ ದೋಣಿಯನ್ನು ಟ್ರೇಲರಿನಲ್ಲೇ ಅಂಗಳಕ್ಕೆ ತಂದು, ದಪ್ಪನೆಯ ನೀಲಿ ಟಾರ್ಪಾಲಿನಿಂದ ಸುತ್ತಲೂ ಬಿಗಿಯಾಗಿ ಮುಚ್ಚಿ, ಹಗ್ಗ ಬಿಗಿದು, ಇನ್ನು ಒಂದು ಹನಿ ನೀರೂ ಒಳಹೋಗದು ಎಂದು ನೆಮ್ಮದಿಯಿಂದಿದ್ದೆ. ಆಗಸ್ಟ್ ಕೊನೆಯಲ್ಲಿ ಟಾರ್ಪಾಲು ಸರಿಸಿದಾಗ ಒಳಗೆ ಮೊಣಕಾಲಿನವರೆಗೆ ನೀರು ನಿಂತಿತ್ತು, ಅದರಲ್ಲಿ ಗೊದಮೊಟ್ಟೆಗಳು ಓಡಾಡುತ್ತಿದ್ದವು. ಸೀಟುಗಳ ಮೇಲೆ ಕಪ್ಪು ಬೂಸರು ಹಿಡಿದಿತ್ತು, ಬ್ಯಾಟರಿ ಸತ್ತಿತ್ತು. ಎಂಜಿನ್ ಚಾಲೂ ಆಗಲು ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಸಬೇಕಾಯಿತು. ಈ ಚಳಿಗಾಲವೆಲ್ಲ ಹೇಗೋ ಓಡಿಸಿದೆವು. ಆದರೆ ಈಗ ಎಂಜಿನ್ ಕೂರುವ ಹಿಂಬದಿಯ ಟ್ರಾನ್ಸಮ್, ಎಂಜಿನನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ತಾನೂ ಸ್ವಲ್ಪ ಮಿಸುಕುತ್ತದೆ. ಮಳೆಗೆ ಇನ್ನು ಒಂದೇ ತಿಂಗಳಿದೆ. ಅದರೊಳಗೆ ಟ್ರಾನ್ಸಮ್‌ನ ಹೊರಗಿನಿಂದ ಎರಡು ಪದರ ಫೈಬರ್ ಹಾಕಿಸಿ, ಈ ಸಲ ಇನ್ನೂ ಒಳ್ಳೆಯ ಟಾರ್ಪಾಲು ತಂದು ಮುಚ್ಚಬೇಕೆಂದಿದ್ದೇನೆ. ಬಲ್ಲವರು ತಿಳಿಸಿ.

ಗಂಗೊಳ್ಳಿ ಬಡಗಿ, ಮೇ 6

ದಯವಿಟ್ಟು ಈಗ ಅದರ ಮೇಲೆ ಫೈಬರ್ ಹಾಕಿಸಬೇಡಿ. ಮೂವತ್ತು ವರ್ಷಗಳಿಂದ, ಮೊದಲು ಮರದ ದೋಣಿಗಳಲ್ಲಿ, ಆಮೇಲೆ ಫೈಬರಿನಲ್ಲಿ ಕೆಲಸ ಮಾಡಿದವನಾಗಿ ಇದನ್ನು ಹೇಳುತ್ತಿದ್ದೇನೆ. ನಿಮ್ಮ ಟ್ರಾನ್ಸಮ್ ಹೊರನೋಟಕ್ಕೆ ಫೈಬರ್. ಒಳಗೆ ಇರುವುದು ಪ್ಲೈವುಡ್. ಫೈಬರಿನ ಎರಡು ಚರ್ಮಗಳ ನಡುವೆ ಸಿಕ್ಕಿಕೊಂಡಿರುವ ಆ ಹಲಗೆಗೆ ಎಲ್ಲೋ ಒಂದು ಸ್ಕ್ರೂ ತೂತಿನಿಂದ ನೀರು ಇಳಿದಿದೆ. ಈಗ ಹೊರಗಿನಿಂದ ಪದರ ಹಾಕಿದರೆ ಆ ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ, ಕೊಳೆತ ಮುಂದುವರಿಯುತ್ತದೆ. ಒಂದು ದಿನ ಹೊಳೆಯ ನಡುವೆ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಟ್ರಾನ್ಸಮ್ ಸಮೇತ ಹಿಂದಕ್ಕೆ ವಾಲುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ದೋಣಿಯೆಂದು ಬರೆದಿದ್ದೀರಿ, ಆದ್ದರಿಂದ ಇಷ್ಟು ಕಟುವಾಗಿ ಹೇಳುತ್ತಿದ್ದೇನೆ.

ಪರೀಕ್ಷೆ ಸುಲಭ. ಸುತ್ತಿಗೆಯ ಮರದ ಹಿಡಿಯಿಂದ ಟ್ರಾನ್ಸಮ್ ಮೇಲೆ ಮೂಲೆಯಿಂದ ಮೂಲೆಗೆ ಮೆಲ್ಲನೆ ತಟ್ಟುತ್ತಾ ಬನ್ನಿ. ಗಟ್ಟಿ ಇರುವಲ್ಲಿ ಟಕ್ ಟಕ್ ಎಂದು ಬಿಗಿಯಾದ ಸದ್ದು ಬರುತ್ತದೆ. ಕೊಳೆತಲ್ಲಿ ಒದ್ದೆ ಗೋಣಿಯ ಮೇಲೆ ತಟ್ಟಿದ ಹಾಗೆ ದಬ್ ದಬ್ ಎನ್ನುತ್ತದೆ. ಸದ್ದು ಬದಲಾಗುವ ಜಾಗಗಳನ್ನು ಪೆನ್ಸಿಲಿನಿಂದ ಗುರುತು ಮಾಡಿ. ಆಮೇಲೆ ಒಳಮೈಯಲ್ಲಿ, ತೀರ ಕೆಳಭಾಗದಲ್ಲಿ, 10 ಮಿಲಿಮೀಟರಿನ ಒಂದು ತೂತು ಕೊರೆಯಿರಿ. ಕಂದು ಬಣ್ಣದ ನೀರು ಜಿನುಗಿ, ಡ್ರಿಲ್ಲಿನ ತುದಿಗೆ ಕಪ್ಪಗಿನ ಮೆತ್ತನೆಯ ಹೊಟ್ಟು ಅಂಟಿಕೊಂಡು ಬಂದರೆ ಬೇರೆ ಸಾಕ್ಷಿ ಬೇಡ.

ಫೈಬರ್ ಪದರಗಳನ್ನು ಅಂಟಿಸುವ ಪಾಲಿಯೆಸ್ಟರ್ ರೆಸಿನ್ ತೇವದ ಮೇಲೆ ಹಿಡಿಯುವುದಿಲ್ಲ. ಆರ್ದ್ರತೆ ಏರಿದ ದಿನಗಳಲ್ಲಿ ಸರಿಯಾಗಿ ಗಟ್ಟಿಯೂ ಆಗುವುದಿಲ್ಲ. ಹಾಗಾಗಿ ಈ ಮಳೆಗಾಲದಲ್ಲಿ ಎಂಜಿನ್ ಇಳಿಸಿ, ಟ್ರಾನ್ಸಮ್‌ಗೆ ಹಾಕಿದ ಎಲ್ಲ ಸ್ಕ್ರೂ, ಬೋಲ್ಟುಗಳನ್ನು ತೆಗೆದು, ತೂತುಗಳನ್ನು ತೆರೆದೇ ಬಿಟ್ಟು, ಸೂರಿನಡಿಯಲ್ಲಿ ದೋಣಿಯನ್ನು ಒಣಗಲು ಬಿಡಿ. ರಿಪೇರಿ ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಆಗಲಿ.

ಇನ್ನು ಟಾರ್ಪಾಲು. ತಪ್ಪು ಟಾರ್ಪಾಲಿನ ಗುಣಮಟ್ಟದಲ್ಲಿ ಇರಲಿಲ್ಲ, ಮುಚ್ಚಿದ ರೀತಿಯಲ್ಲಿ ಇತ್ತು. ನಮ್ಮ ಹಿರಿಯರು ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬೂತಾಯಿ ಮೀನಿನ ಎಣ್ಣೆಯನ್ನೋ ಬಳಿದು, ತೆಂಗಿನ ಮಡಲಿನ ಚಪ್ಪರದ ಕೆಳಗೆ ಇಡುತ್ತಿದ್ದರು. ಆ ಚಪ್ಪರಕ್ಕೆ ಮಾಡು ಇರುತ್ತಿತ್ತು, ಗೋಡೆ ಇರುತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆ. ಬಿಗಿಯಾಗಿ ಮುಚ್ಚಿದರೆ ಹಗಲಿನ ಬಿಸಿಗೆ ಒಳಗಿನ ತೇವ ಆವಿಯಾಗಿ, ರಾತ್ರಿ ಟಾರ್ಪಾಲಿನ ಅಡಿಯಲ್ಲೇ ಹನಿಗಟ್ಟಿ, ಮತ್ತೆ ದೋಣಿಯೊಳಗೇ ತೊಟ್ಟಿಕ್ಕುತ್ತದೆ. ಬೂಸರು ಬಂದದ್ದು ಹೀಗೆ. ಮೂತಿಯಿಂದ ಹಿಂಬದಿಯವರೆಗೆ ಬಿದಿರನ್ನೋ ಪಿವಿಸಿ ಕೊಳವೆಯನ್ನೋ ಬೆನ್ನುಮೂಳೆಯಂತೆ ಎತ್ತರಕ್ಕೆ ಕಟ್ಟಿ, ಅದರ ಮೇಲಿಂದ ಟಾರ್ಪಾಲನ್ನು ಎರಡೂ ಕಡೆ ಕಡಿದಾಗಿ ಇಳಿಬಿಡಿ. ಅಂಚು ದೋಣಿಯ ಮೈಗೆ ತಾಗದೆ ಒಂದು ಮೊಳ ದೂರ ಇರಲಿ. ಗಾಳಿಗೆ ಟಾರ್ಪಾಲು ಉಜ್ಜಿದ ಕಡೆ ಜೆಲ್‌ಕೋಟ್ (ಫೈಬರಿನ ಹೊರಮೈಯ ನುಣುಪು ಪದರ) ಮರಳುಕಾಗದ ಹಾಕಿದಂತೆ ಸವೆಯುತ್ತದೆ.

ಮಲ್ಪೆ ಎಂಜಿನ್ ಕೆಲಸ, ಮೇ 7

ಬಡಗಿಯವರು ದೋಣಿಯ ವಿಷಯ ಹೇಳಿದ್ದಾರೆ, ನಾನು ಎಂಜಿನ್ನಿನ ವಿಷಯ ಹೇಳುತ್ತೇನೆ. ಅದಕ್ಕೂ ಮೊದಲು, ದೋಣಿಯ ತಳದ ಬಿರಡೆಯನ್ನು ಕಳೆದ ವರ್ಷ ತೆಗೆದಿದ್ದಿರಾ? ಮೊಣಕಾಲಿನವರೆಗೆ ನೀರು ನಿಂತಿತ್ತು ಎಂದರೆ ತೆಗೆದಿರಲಿಲ್ಲ ಎಂದೇ ಅರ್ಥ. ಒಂದು ಲೆಕ್ಕ ನೋಡಿ. ನಿಮ್ಮ ದೋಣಿ ಸುಮಾರು 5 ಮೀಟರ್ ಉದ್ದ, 1.8 ಮೀಟರ್ ಅಗಲ. ಅಂದರೆ 9 ಚದರ ಮೀಟರ್. ಒಂದೇ ರಾತ್ರಿ 150 ಮಿಲಿಮೀಟರ್ ಮಳೆ ಸುರಿದರೆ, ನಮ್ಮಲ್ಲಿ ಅದೇನು ಅಪರೂಪವಲ್ಲ, ತೆರೆದ ದೋಣಿಯಲ್ಲಿ 1350 ಲೀಟರ್ ನೀರು ತುಂಬುತ್ತದೆ. ಅದರ ತೂಕ 1350 ಕಿಲೋ. ಆ ಭಾರವನ್ನು ಹೊತ್ತ ಟ್ರೇಲರಿನ ಸ್ಪ್ರಿಂಗುಗಳನ್ನೂ ಒಮ್ಮೆ ಪರೀಕ್ಷಿಸಿ. ಬಿರಡೆ ತೆಗೆದು, ಮೂತಿಯನ್ನು ಒಂದಡಿ ಎತ್ತರಿಸಿಟ್ಟರೆ ಬಿದ್ದ ನೀರು ತಾನಾಗಿ ಹಿಂದಕ್ಕೆ ಹರಿದು ಹೋಗುತ್ತದೆ. ತೆಗೆದ ಬಿರಡೆಯನ್ನು ಎಂಜಿನ್ನಿನ ಕೀಲಿಕೈಗೇ ಕಟ್ಟಿಡಿ. ಮುಂದಿನ ಸಲ ಅದನ್ನು ಹಾಕದೆ ದೋಣಿ ಇಳಿಸುವ ಸಂಭವ ಇರುವುದಿಲ್ಲ.

ಎಂಜಿನ್ನಿಗೆ ಮೊದಲ ಶತ್ರು ಉಪ್ಪು. ನೀವಿರುವುದು ಅಳಿವೆಯಲ್ಲಿ, ಪ್ರತಿ ಸವಾರಿಯೂ ಉಪ್ಪುನೀರಿನದೇ. ಕೊನೆಯ ಸವಾರಿಯ ನಂತರ ನೀರು ಹೀರುವ ಕಿಂಡಿಗಳಿಗೆ ರಬ್ಬರಿನ ಕಿವಿಮುಚ್ಚುಗಳನ್ನು ತೊಡಿಸಿ, ಪೈಪಿನ ಸಿಹಿನೀರು ಬಿಟ್ಟು, ಎಂಜಿನನ್ನು ನಿಧಾನಗತಿಯಲ್ಲಿ ಹದಿನೈದು ನಿಮಿಷ ಓಡಿಸಿ. ಪಕ್ಕದ ಕಿಂಡಿಯಿಂದ ನೀರಿನ ಜಿರಿ ಚಿಮ್ಮುತ್ತಲೇ ಇರಬೇಕು. ನಿಂತರೆ ಆ ಕ್ಷಣವೇ ಆರಿಸಿ. ನೀರಿಲ್ಲದೆ ಓಡಿಸಿದರೆ ಪಂಪಿನಲ್ಲಿ ನೀರು ತಳ್ಳುವ ರಬ್ಬರಿನ ಚಕ್ರ, ಅಂದರೆ ಇಂಪೆಲ್ಲರ್, ಬೇಗನೆ ಸುಟ್ಟುಹೋಗುತ್ತದೆ. ನಿಮ್ಮ ಊರಿನವರು ಇನ್ನೊಂದು ಮಾತನ್ನು ಗಮನಿಸಬೇಕು: ಮೇ ತಿಂಗಳಲ್ಲಿ ಹೊಳೆಬದಿಯ ಬಾವಿಗಳ ನೀರೇ ಉಪ್ಪಾಗಿರುತ್ತದೆ. ನಾಲಿಗೆಗೆ ಒಂದು ಹನಿ ಹಾಕಿ ನೋಡಿ, ಉಪ್ಪೆನಿಸಿದರೆ ಟ್ಯಾಂಕರಿನ ನೀರೋ ನಳದ ನೀರೋ ಬಳಸಿ.

ಎರಡನೆಯದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಇಂಧನ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೀಗೆ ಸೇರಿದ ನೀರು ಮಿತಿ ಮೀರಿದರೆ ಎಥನಾಲಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಪೆಟ್ರೋಲ್ ಹೀರುವ ನಳಿಕೆ ಇರುವುದೂ ತಳದಲ್ಲೇ. ನಿಮ್ಮ ಕಾರ್ಬ್ಯುರೇಟರ್ ಕೆಟ್ಟದ್ದಕ್ಕೆ ಇದೇ ಕಾರಣ ಇರಬೇಕು. ಕೈಯಲ್ಲಿ ಎತ್ತುವ 25 ಲೀಟರ್ ಟ್ಯಾಂಕಾದರೆ ಪೂರ್ತಿ ಖಾಲಿ ಮಾಡಿ, ಆ ಪೆಟ್ರೋಲನ್ನು ಬೈಕಿಗೆ ಹಾಕಿಬಿಡಿ. ಪೈಪ್ ಕಳಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಕಾರ್ಬ್ಯುರೇಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಇಳಿಸಿ.

ಎಂಜಿನ್ ಆಯಿಲನ್ನು ಮಳೆ ಮುಗಿದ ಮೇಲೆ ಬದಲಿಸಿದರಾಯಿತು ಎನ್ನುವವರು ಬಹಳ. ಹಳೆಯ ಆಯಿಲಿನಲ್ಲಿ ಸೇರಿರುವ ಆಮ್ಲ ಮತ್ತು ತೇವ ಮೂರು ತಿಂಗಳು ಬೇರಿಂಗುಗಳ ಮೇಲೆ ಕೂರುವುದು ಬೇಡ, ಇಡುವ ಮುಂಚೆಯೇ ಬದಲಿಸಿ. ಕೆಳಗಿನ ಗೇರ್ ಪೆಟ್ಟಿಗೆಯ ಆಯಿಲನ್ನೂ ಇಳಿಸಿ ನೋಡಿ. ಅದು ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಒಳಹೊಕ್ಕಿದೆ. ಆಗ ಪ್ರೊಪೆಲ್ಲರ್ ಬಿಚ್ಚಿ ಶಾಫ್ಟನ್ನು ನೋಡಬೇಕು. ನಮ್ಮ ಅಳಿವೆಗಳಲ್ಲಿ ತೇಲುವ ಬಲೆಯ ನೈಲಾನ್ ದಾರ ಅಲ್ಲಿ ಸುತ್ತಿಕೊಂಡು ಸೀಲನ್ನು ಗರಗಸದಂತೆ ಕೊಯ್ದಿರುತ್ತದೆ. ಕೊನೆಗೆ ಸ್ಪಾರ್ಕ್ ಪ್ಲಗ್ ತೂತಿನಿಂದ ಪ್ರತಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹನಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಪ್ಲಗ್ ಹಾಕಿ, ಎಂಜಿನನ್ನು ನೇರವಾಗಿ ನಿಲ್ಲಿಸಿಡಿ. ಮಲಗಿಸಿದರೆ ಒಳಗಿನ ನೀರು ಪೂರ್ತಿ ಇಳಿಯುವುದಿಲ್ಲ.

ಪಂಚಗಂಗಾವಳಿ, ಮೇ 9

ನಾನು ದೋಣಿಯನ್ನು ಮೇಲೆ ತೆಗೆಯುವುದೇ ಇಲ್ಲ. ಕುಂದಾಪುರದ ಒಂದು ತೋಡಿನ ಒಳಗೆ, ಅಲೆಯಿಲ್ಲದ ಕಡೆ ನಾಲ್ಕು ಹಗ್ಗ ಕಟ್ಟಿ ಬಿಡುತ್ತೇನೆ. ಸೋಲಾರ್ ಫಲಕ, ಬ್ಯಾಟರಿ ಮತ್ತು ಒಳನೀರು ಹೊರಹಾಕುವ ಸ್ವಯಂಚಾಲಿತ ಪಂಪ್ ಇದ್ದರೆ ಸಾಕು. ಮೂರು ಮಳೆಗಾಲ ಏನೂ ಆಗಿಲ್ಲ. ದಡಕ್ಕೆ ಎಳೆಯುವಾಗಲೇ ಹೆಚ್ಚು ಪೆಟ್ಟಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಗಂಗೊಳ್ಳಿ ಬಡಗಿ, ಮೇ 9

ಮೂರು ವರ್ಷ ಏನೂ ಆಗಲಿಲ್ಲ ಎಂಬುದಕ್ಕೆ ಸಂತೋಷವಿದೆ, ಆದರೂ ಒಪ್ಪಲಾರೆ. ಆರಿದ್ರಾ ಮಳೆಯ ಹೊತ್ತಿಗೆ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಸೋಲಾರ್ ಫಲಕ ಏನು ಕೊಟ್ಟೀತು? ಪಂಪ್ ಅತಿ ಹೆಚ್ಚು ದುಡಿಯಬೇಕಾದ ದಿನಗಳಲ್ಲೇ ಬ್ಯಾಟರಿಗೆ ಚಾರ್ಜ್ ಇರುವುದಿಲ್ಲ. ನೆರೆ ಬಂದ ದಿನ ಮೇಲಿನಿಂದ ಮರದ ದಿಮ್ಮಿಗಳು, ಬೇರುಸಮೇತ ಕಿತ್ತ ತೆಂಗುಗಳು ತೇಲಿಬಂದು ಹಗ್ಗಕ್ಕೆ ಸಿಕ್ಕಿಕೊಳ್ಳುವುದನ್ನು ಇದೇ ಹೊಳೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇನ್ನು ಫೈಬರ್ ಸದಾ ನೀರಿನಲ್ಲಿದ್ದರೆ ಜೆಲ್‌ಕೋಟ್ ಮೂಲಕ ನೀರು ನಿಧಾನವಾಗಿ ಒಳಗಿಳಿದು ತಳದಲ್ಲಿ ಬೊಕ್ಕೆಗಳು ಏಳುತ್ತವೆ. ಅಂಥ ಬೊಕ್ಕೆಯನ್ನು ಚುಚ್ಚಿದರೆ ವಿನೆಗರಿನಂಥ ಹುಳಿ ವಾಸನೆಯ ದ್ರವ ಬರುತ್ತದೆ. ವರ್ಷಕ್ಕೆ ಮೂರು ನಾಲ್ಕು ತಿಂಗಳು ದಡದಲ್ಲಿ ಒಣಗುವುದೇ ಅದಕ್ಕೆ ಒಳ್ಳೆಯ ಔಷಧ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಇರುವುದು ಮೀನಿನ ಸಂತಾನಕ್ಕಾಗಿ ನಿಜ, ಆದರೆ ದೋಣಿಗಳಿಗೆ ಮೈ ಒಣಗಿಸಿಕೊಳ್ಳಲು ಸಿಗುವ ಸಮಯವೂ ಅದೇ.

ಎಳೆಯುವಾಗ ಪೆಟ್ಟಾಗುತ್ತದೆ ಎಂಬ ನಿಮ್ಮ ಮಾತು ಮಾತ್ರ ಸರಿ. ಭಾರವೆಲ್ಲ ತಳದ ಬೆನ್ನೆಲುಬಿನ ಮೇಲೆ ಕೂರಬೇಕು. ಪಕ್ಕದ ಆನಿಕೆಗಳು ವಾಲದಂತೆ ತಡೆಯುವುದಕ್ಕಷ್ಟೇ. ನಾಲ್ಕು ತಿಂಗಳು ಪಕ್ಕದ ಆನಿಕೆಯ ಮೇಲೆ ಭಾರ ಬಿದ್ದರೆ ಮೈ ಒಳಕ್ಕೆ ತಗ್ಗುತ್ತದೆ.

ಹೊನ್ನೆಮರಡು ಹಿನ್ನೀರು, ಮೇ 12

ಶರಾವತಿ ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿಯನ್ನೂ ಮೋಟಾರು ದೋಣಿಯನ್ನೂ ಇಟ್ಟುಕೊಂಡಿರುವವನು ನಾನು. ನಮ್ಮಲ್ಲಿ ಉಪ್ಪಿನ ಕಾಟವಿಲ್ಲ, ಬದಲಿಗೆ ನೀರಿನ ಮಟ್ಟದ ಚಿಂತೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ದಡ ದೂರ ಸರಿದು, ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲೇಳುತ್ತವೆ. ಮೇ ತಿಂಗಳಲ್ಲಿ ದೋಣಿ ತೆಗೆಯುವುದೆಂದರೆ ಕೆಸರಿನಲ್ಲಿ ಎಳೆಯುವುದು. ಹಾಗಾಗಿ ನಾವು ಮಾರ್ಚಿನಲ್ಲೇ ತೆಗೆಯುತ್ತೇವೆ.

ನಾನು ಬರೆಯಲು ಕಾರಣ ಎಂಜಿನ್ನಿನ ಆನೋಡ್. ಎಂಜಿನ್ನಿನ ಅಲ್ಯೂಮಿನಿಯಂ ಮೈಯನ್ನು ಉಳಿಸಲು ತಾನು ಸವೆಯುವ ಲೋಹದ ತುಂಡು ಅದು. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಹಿನೀರಿಗೆ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ್ದು ಬೇಕು. ನಮ್ಮಲ್ಲಿಂದ ಹಳೆಯ ಎಂಜಿನ್ ಕೊಂಡು ಕರಾವಳಿಗೆ ಒಯ್ಯುವವರು ಇದನ್ನು ನೋಡುವುದೇ ಇಲ್ಲ. ಮೆಗ್ನೀಸಿಯಂ ಉಪ್ಪುನೀರಿನಲ್ಲಿ ಬಹಳ ಬೇಗ ಕರಗಿಹೋಗುತ್ತದೆ, ಆಮೇಲೆ ಕರಗುವ ಸರದಿ ಎಂಜಿನ್ನಿನದು. ಅರ್ಧ ಸವೆದಾಗಲೇ ಬದಲಿಸಬೇಕು, ಅದಕ್ಕೆ ಬಣ್ಣ ಬಳಿಯಬಾರದು.

ಬ್ಯಾಟರಿಯನ್ನು ಮನೆಯೊಳಗೆ ತನ್ನಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ, ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದರೆ, 12.6 ವೋಲ್ಟಿಗಿಂತ ಕಡಿಮೆ ತೋರಿಸಬಾರದು. 12.4ಕ್ಕೆ ಇಳಿಯುವ ಮುನ್ನ ಮತ್ತೆ ಚಾರ್ಜ್ ಮಾಡಿ, ಅಂದರೆ ತಿಂಗಳಿಗೊಮ್ಮೆ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ಮಾತು ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಬ್ಯಾಟರಿಗಳಿಗೆ ಅನ್ವಯಿಸುವುದಿಲ್ಲ.

ಮಿನ್ನೆಸೋಟ ಕನ್ನಡಿಗ, ಮೇ 14

ಹುಟ್ಟೂರು ಹೊನ್ನಾವರ, ಈಗಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಸರೋವರಗಳು ಹೆಪ್ಪುಗಟ್ಟುವ ಮೊದಲೇ ದೋಣಿಗಳು ದಡ ಸೇರುತ್ತವೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ, ದೋಣಿಯೊಳಗೆ ಅಳವಡಿಸಿದ ಎಂಜಿನ್ನಿನಲ್ಲಿ ಒಂದು ಲೋಟ ನೀರು ಉಳಿದರೂ ಎರಕದ ಕಬ್ಬಿಣವೇ ಸೀಳಿಹೋಗುತ್ತದೆ. ಅದಕ್ಕಾಗಿ ನೀರಿಳಿಸಿ, ಪ್ರೊಪಿಲೀನ್ ಗ್ಲೈಕಾಲಿನ ಗುಲಾಬಿ ದ್ರವವನ್ನು ಹಾಯಿಸುತ್ತೇವೆ. ನಿಮಗೆ ಇದರ ಅಗತ್ಯವಿಲ್ಲ. ಆದರೂ ಗೇರ್ ಪೆಟ್ಟಿಗೆಯ ಆಯಿಲನ್ನು ಇಡುವ ಮುಂಚೆಯೇ ಬದಲಿಸಿ ಎಂಬ ಮಾತು ಎರಡೂ ಊರಿಗೆ ಒಂದೇ: ಇಲ್ಲಿ ಅದರೊಳಗಿನ ನೀರು ಪೆಟ್ಟಿಗೆಯನ್ನು ಒಡೆಯುತ್ತದೆ, ಅಲ್ಲಿ ಗೇರುಗಳಿಗೆ ತುಕ್ಕು ಹಿಡಿಸುತ್ತದೆ. ಇಲ್ಲಿ ದೋಣಿಗೆ ಬಿಸಿ ಮಾಡಿ ಬಿಗಿಸುವ ಪ್ಲಾಸ್ಟಿಕ್ ಹೊದಿಕೆ ಹಾಕುವಾಗಲೂ ಎರಡೂ ತುದಿಗಳಲ್ಲಿ ಗಾಳಿಕಿಂಡಿ ಬಿಡುತ್ತಾರೆ.

ಇಲ್ಲಿ ರಸ್ತೆಯಲ್ಲಿ ದೋಣಿ ಸಾಗಿಸುವಾಗ ಬಿರಡೆ ತೆಗೆದೇ ಇರಬೇಕೆಂಬುದು ಕಾನೂನು. ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಒಂದು ಸರೋವರದ ನೀರಿನೊಂದಿಗೆ ಇನ್ನೊಂದಕ್ಕೆ ಹೋಗದಿರಲಿ ಎಂದು. ಬಿರಡೆ ಹಾಕಲು ಮರೆತು ದೋಣಿ ಇಳಿಸುವವರು ಹಾಗಾಗಿ ಇಲ್ಲಿ ಹೆಚ್ಚು. ಕೀಲಿಕೈಗೆ ಕಟ್ಟುವ ಸಲಹೆ ನನಗೂ ಉಪಯೋಗಕ್ಕೆ ಬಂತು. ಒಂದು ಭಿನ್ನಾಭಿಪ್ರಾಯ: ದೋಣಿಯ ಒಳಗೇ ಕೂರಿಸಿದ ದೊಡ್ಡ ಟ್ಯಾಂಕಾದರೆ ಖಾಲಿ ಮಾಡುವುದು ಕಷ್ಟ, ಅರ್ಧ ಬಿಟ್ಟರೆ ಖಾಲಿ ಜಾಗದಲ್ಲಿ ತೇವ ಹನಿಗಟ್ಟುತ್ತದೆ. ನಾವು ಬಹುಪಾಲು ತುಂಬಿಸಿ, ಇಂಧನ ಕೆಡದಂತೆ ತಡೆಯುವ ದ್ರವ ಬೆರೆಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಇಡುತ್ತೇವೆ.

ಮಲ್ಪೆ ಎಂಜಿನ್ ಕೆಲಸ, ಮೇ 14

ಒಳಟ್ಯಾಂಕಿಗೆ ನಿಮ್ಮ ಕ್ರಮವೇ ಸರಿ, ಒಪ್ಪುತ್ತೇನೆ. ನಾನು ಹೇಳಿದ್ದು ಬೆಂಗ್ರೆಯವರ ಬಿಡಿ ಟ್ಯಾಂಕಿಗೆ ಮಾತ್ರ.

ಬೆಂಗ್ರೆ ಹೊಳೆಬದಿ, ಮೇ 27

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಟ್ರಾನ್ಸಮ್ ತಟ್ಟಿ ನೋಡಿದಾಗ ಎಡಭಾಗದ ಕೆಳಗಡೆ ಎರಡು ಅಂಗೈ ಅಗಲದಷ್ಟು ದಬ್ ದಬ್ ಎಂದಿತು. ತೂತು ಕೊರೆದಾಗ ಬಡಗಿಯವರು ಬರೆದಂತೆಯೇ ಚಹಾ ಬಣ್ಣದ ನೀರು ಬಂತು. ಒಂದು ರಾತ್ರಿಯಲ್ಲಿ ಅರ್ಧ ಲೋಟ ತುಂಬಿತು. ಫೈಬರ್ ಹಾಕಲು ಒಪ್ಪಿಕೊಂಡಿದ್ದ ಕೆಲಸದವರಿಗೆ ಬೇಡವೆಂದು ತಿಳಿಸಿದೆ. ಗೇರ್ ಆಯಿಲ್ ಸ್ವಚ್ಛವಾಗಿತ್ತು. ಬಾವಿ ನೀರು ಉಪ್ಪೇ ಆಗಿತ್ತು, ಇಷ್ಟು ದಿನ ಅದರಲ್ಲೇ ಎಂಜಿನ್ ತೊಳೆಯುತ್ತಿದ್ದೆ. ದೋಣಿಯನ್ನು ಹಳೆಯ ಹಟ್ಟಿಯ ಮಾಡಿನಡಿಗೆ ಸರಿಸಿ, ಟ್ರೇಲರಿನ ಅಚ್ಚಿನ ಕೆಳಗೆ ಕೆಂಪುಕಲ್ಲು ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿದ್ದೇನೆ. ಮೊದಲು ಇಟ್ಟಿದ್ದ ಜಾಗ ತೆಂಗಿನ ಮರದ ಬುಡದಲ್ಲಿತ್ತು, ಅದನ್ನು ಇಲ್ಲಿ ಬರೆಯಲೂ ಮರೆತಿದ್ದೆ. ಇನ್ನೇನಾದರೂ ಬಿಟ್ಟಿದೆಯೇ?

ಗಂಗೊಳ್ಳಿ ಬಡಗಿ, ಮೇ 27

ಕಾಯಿ ಬೀಳುವ ಜಾಗದಿಂದ ಸರಿಸಿದ್ದು ಒಳ್ಳೆಯದಾಯಿತು. ಹಟ್ಟಿಯಾದ್ದರಿಂದ ಇಲಿ ಇರುತ್ತದೆ. ಸೀಟಿನ ಕುಶನ್, ಲೈಫ್ ಜಾಕೆಟ್, ಹಗ್ಗಗಳನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಅಟ್ಟದಲ್ಲಿ ತೂಗುಹಾಕಿ. ಕೆಂಪುಕಲ್ಲಿನ ಮೇಲೆ ಮರದ ತುಂಡು ಇಟ್ಟಿದ್ದರೆ ಗೆದ್ದಲು ಹತ್ತುತ್ತದೆಯೋ ನೋಡುತ್ತಿರಿ. ವಾರಕ್ಕೊಮ್ಮೆ ಹೋಗಿ ಕೈಯಾಡಿಸಿ ಬನ್ನಿ.

ಮಲ್ಪೆ ಎಂಜಿನ್ ಕೆಲಸ, ಮೇ 28

ಚಕ್ರ ಎತ್ತಿದ್ದೀರಿ, ಈಗಲೇ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಿಸಿ. ರಸ್ತೆಯಲ್ಲಿ ಓಡಿ ಬಿಸಿಯಾದ ಚಕ್ರವನ್ನು ನೇರ ಹೊಳೆಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಆ ನೀರು ಅಲ್ಲೇ ಕೂತರೆ ಸೆಪ್ಟೆಂಬರಿನಲ್ಲಿ ಚಕ್ರ ತಿರುಗುವುದಿಲ್ಲ.

ಬೆಂಗ್ರೆ ಹೊಳೆಬದಿ, ಆಗಸ್ಟ್ 30

ನೂಲು ಹುಣ್ಣಿಮೆ ಕಳೆದು ಊರಿನ ದೋಣಿಗಳೆಲ್ಲ ಕಡಲಿಗೆ ಇಳಿದಿವೆ. ನಮ್ಮದು ಹಟ್ಟಿಯಲ್ಲೇ ಇದೆ. ಒಳಗೆ ನೀರಿಲ್ಲ, ಬೂಸರು ಒಂದು ಮೂಲೆಯಲ್ಲಿ ತುಸು ಕಂಡಿತು, ಒರೆಸಿದೆ. ಬ್ಯಾಟರಿ ಇಂದು 12.6 ವೋಲ್ಟ್. ಟ್ರಾನ್ಸಮ್‌ನ ತೂತಿನಿಂದ ಜುಲೈ ಮಧ್ಯದವರೆಗೂ ನೀರು ಜಿನುಗುತ್ತಿತ್ತು, ಈಗ ನಿಂತಿದೆ.

ಬೆಂಗ್ರೆ ಹೊಳೆಬದಿ, ಜನವರಿ 18

ಕಳೆದ ವಾರ ಟ್ರಾನ್ಸಮ್‌ನ ಒಳಚರ್ಮವನ್ನು ಕತ್ತರಿಸಿ ತೆಗೆದೆವು. ಎಡಗಡೆಯ ಪ್ಲೈವುಡ್ ಕೈಯಲ್ಲಿ ಹಿಂಡಿದರೆ ಹುಡಿಯಾಗುತ್ತಿತ್ತು. ನೀರು ಇಳಿದ ದಾರಿಯೂ ಸಿಕ್ಕಿತು: ಹಿಂದಿನ ಯಾರೋ ಆಳ ತೋರಿಸುವ ಯಂತ್ರದ ಸಂವೇದಕವನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಲು ಹಾಕಿದ ಎರಡು ಸ್ಕ್ರೂ ತೂತುಗಳು. ಸ್ನಾನದ ಮನೆಗೆ ಬಳಸುವ ಸಿಲಿಕೋನ್ ಮೆತ್ತಿದ್ದರು, ಅದು ಚರ್ಮದ ಹಾಗೆ ಸುಲಿದು ಬಂತು. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತಂದು, ಅಂಚುಗಳಿಗೆ ಎಪಾಕ್ಸಿ ಕುಡಿಸಿ, ಕೂರಿಸಿ, ಫೈಬರ್ ಪದರ ಮುಗಿಸಿದ್ದೇವೆ. ನಾಳೆ ಎಂಜಿನ್ನಿನ ಬೋಲ್ಟ್ ತೂತುಗಳನ್ನು ಕೊರೆಯಬೇಕು. ಹೊಸ ಹಲಗೆಗೆ ತೂತು ಹಾಕಲು ಕೈ ಅಳುಕುತ್ತಿದೆ.

ಗಂಗೊಳ್ಳಿ ಬಡಗಿ, ಜನವರಿ 18

ಬೋಲ್ಟ್ 12 ಮಿಲಿಮೀಟರಿನದಾದರೆ ತೂತನ್ನು 18ಕ್ಕೆ ಕೊರೆಯಿರಿ. ಹೊರಗಿನಿಂದ ಟೇಪ್ ಅಂಟಿಸಿ, ಆ ತೂತನ್ನು ಪೂರ್ತಿ ಗಟ್ಟಿ ಎಪಾಕ್ಸಿಯಿಂದ ತುಂಬಿಸಿ ಎರಡು ದಿನ ಬಿಡಿ. ಆಮೇಲೆ ಅದರ ನಡುವಿನಿಂದ 12ರ ತೂತು ಹಾಕಿದರೆ, ಬೋಲ್ಟಿನ ಸುತ್ತ ಎಪಾಕ್ಸಿಯ ಕೊಳವೆಯೇ ಇರುತ್ತದೆ, ಮರಕ್ಕೆ ನೀರು ತಾಗುವುದೇ ಇಲ್ಲ. ಬೋಲ್ಟಿಗೆ ಸಿಲಿಕೋನ್ ಬೇಡ, ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲಂಟ್ ಹಚ್ಚಿ. ಸಂವೇದಕವನ್ನು ಮತ್ತೆ ಹಾಕುವುದಾದರೆ ಟ್ರಾನ್ಸಮ್‌ಗೆ ನೇರ ಸ್ಕ್ರೂ ಹೊಡೆಯದೆ, ಒಂದು ಪ್ಲಾಸ್ಟಿಕ್ ಹಲಗೆಯನ್ನು ಎಪಾಕ್ಸಿಯಲ್ಲಿ ಅಂಟಿಸಿ ಸ್ಕ್ರೂ ಅದಕ್ಕೆ ಹಾಕಿ. ಹತ್ತು ಗಂಟೆ ಓಡಿಸಿದ ಮೇಲೆ ನಾಲ್ಕೂ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ, ಹೊಸ ಹಲಗೆ ಸ್ವಲ್ಪ ಕೂರುತ್ತದೆ.